ಜೇನುದನಿಯ ಜಗಳ

ಎಷ್ಟು ಬೇಕಾದರೂ ಕೂಗಾಡಬಹುದಾದ ಗಟ್ಟಿ ಗೋಡೆಯ ಮನೆ ನಮ್ಮದೀಗ. ಆದರೆ ನನ್ನವಳು ಕೂಗುವುದೇ ಇಲ್ಲ. ಅದೇ ನನ್ನ ದುಃಖ.

ಮದುವೆಯಾದ ಹೊಸತರಲ್ಲಿ ಹಾಗಿರಲಿಲ್ಲ. ಬಾಡಿಗೆಮನೆಯ ಮಹಡಿಯಲ್ಲಿ ನಾವು, ಕೆಳಗೆ ಮನೆ ಯಜಮಾನಿ ಅಜ್ಜಿ, ನಡುವೆ ಬರೀ ಮರದ ಹಲಗೆ. ಅವರು ಕೆಮ್ಮಿದರೆ ನಮಗೆ ಕೇಳುತ್ತಿತ್ತು; ನಾವು ಜಗಳವಾಡಿದರೆ ಅವರ ನಿದ್ದೆ ಹಾರಿಹೋಗುತ್ತಿತ್ತು. "ಇನ್ನೊಂದು ಸಲ ಕೂಗಾಟ ಕೇಳಿಸಿದ್ರೆ ಗಂಟುಮೂಟೆ ಕಟ್ಟಿ," ಅಂದುಬಿಟ್ಟರು. ನಮಗೋ ಬೇರೆ ಮನೆ ಸಿಗುವ ಭರವಸೆಯೇ ಇರಲಿಲ್ಲ.

ನಾನು ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು. (ಮನೆಯಲ್ಲಿ ವಿದ್ಯಾರ್ಥಿ.) ತಲೆಗೊಂದು ಮಹಾಯೋಜನೆ ಹೊಳೆಯಿತು. ಸಿಟ್ಟು ನೆತ್ತಿಗೇರುವುದಕ್ಕೆ ಇಂಗ್ಲಿಷಿನವರು ಎಂತೆಂಥ ನುಡಿಗಟ್ಟು ಮಾಡಿಟ್ಟಿದ್ದಾರೆ! ಕೊಡಲಿ ಹಿಡಿಯಿಂದ ಕಳಚಿ ಹಾರಿದ ಹಾಗೆ 'ಫ್ಲೈ ಆಫ್ ದ ಹ್ಯಾಂಡಲ್', ಸೂರಿಗೆ ಹೋಗಿ ಬಡಿದ ಹಾಗೆ 'ಹಿಟ್ ದ ರೂಫ್', ಸಾಲದ್ದಕ್ಕೆ ಕರೆಂಟಿನ ಫ್ಯೂಸು ಸುಟ್ಟುಹೋದ ಹಾಗೆ 'ಬ್ಲೋ ಎ ಫ್ಯೂಸ್'.

"ಸಿಟ್ಟು ಬಂದ್ರೆ ಕೂಗಬೇಡ. ಇದ್ರಲ್ಲಿ ಒಂದನ್ನ ಮೆಲ್ಲಗೆ ಹೇಳು. ಅಜ್ಜಿಗೆ ಇಂಗ್ಲಿಷ್ ಬರಲ್ಲ," ಎಂದೆ.

"ನೀವೂ ಹೀಗೇ ಹೇಳ್ತೀರಾ?"

"ನಾನು ಮೇಷ್ಟ್ರು ಕಣೇ!"

ಅವಳು ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಿದ್ದಳು. ಒಂದು ಭಾನುವಾರ ಅವಳ ಬಟ್ಟೆ ಕತ್ತರಿಯಲ್ಲಿ ನಾನು ರಟ್ಟು ಕತ್ತರಿಸಿದೆ. ಹೊಲಿಯುವವರ ಮನೆಯಲ್ಲಿ ಇದಕ್ಕಿಂತ ಘೋರ ಪಾತಕವಿಲ್ಲ. ಮೊಂಡಾದ ಅಲಗನ್ನು ಬೆರಳಲ್ಲಿ ಸವರಿ ನೋಡಿ, ಜೋಗುಳದ ದನಿಯಲ್ಲಿ, "ಐ ಆಮ್ ಫ್ಲೈಯಿಂಗ್ ಆಫ್ ದ ಹ್ಯಾಂಡಲ್, ರೀ," ಎಂದಳು.

"ಒಂದು ಕತ್ತರಿಗೆ ಇಷ್ಟೊಂದಾ?"

"ಹಿಟ್ಟಿಂಗ್ ದ ರೂಫ್, ರೀ." ಜೊತೆಗೆ ಮುಗುಳ್ನಗೆ ಬೇರೆ!

ಆ ನಗು ನೋಡಿ ನನ್ನ ಮೈಯೆಲ್ಲ ಉರಿದುಹೋಯಿತು. "ಬೈಯೋದಾದ್ರೆ ನೆಟ್ಟಗೆ ಬೈಯೇ!" ಎಂದು ಅಪ್ಪಟ ಕನ್ನಡದಲ್ಲಿ ಅರಚಿದೆ. ಕಿಟಕಿಯ ಗಾಜು ಅದುರಿತು.

ಅಜ್ಜಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. "ಇಷ್ಟು ದಿನ ಇಬ್ಬರದೂ ತಪ್ಪು ಅಂದ್ಕೊಂಡಿದ್ದೆ. ಪಾಪ, ಈ ಮಗು 'ರೀ, ರೀ' ಅಂತ ಬೇಡ್ಕೊಳ್ತಿದೆ, ನೀನು ಮೈಮೇಲೆ ಬೀಳ್ತೀಯಲ್ಲ! ಅವಳು ಇಲ್ಲೇ ಇರ್ತಾಳೆ. ನೀನು ಬೇರೆ ರೂಮು ನೋಡ್ಕೋ."

"ಇರ್ಲಿ ಬಿಡಿ ಅಜ್ಜಿ, ಇವ್ರು ಇನ್ಮೇಲೆ ಕೂಗಲ್ಲ," ಎಂದು ನನ್ನವಳು ದೊಡ್ಡ ಮನಸ್ಸು ಮಾಡಿದ್ದರಿಂದ ನಾನು ಅಲ್ಲೇ ಉಳಿದೆ.

ಈಗ ಅಜ್ಜಿಯಿಲ್ಲ. ಆ ಹಲಗೆಯಿಲ್ಲ, ಆ ಕೆಮ್ಮೂ ಇಲ್ಲ. ನಿನ್ನೆ ನಾನು ಇವಳ ಕನ್ನಡಕದ ಮೇಲೆ ಕೂತುಬಿಟ್ಟೆ. "ಕೇಳೋರು ಯಾರೂ ಇಲ್ಲ, ಬಾಯ್ತುಂಬ ಬೈದುಬಿಡು," ಎಂದು ಅಂಗಲಾಚಿದೆ.

"ಬ್ಲೋಯಿಂಗ್ ಎ ಫ್ಯೂಸ್, ರೀ," ಎಂದಳು, ಅದೇ ಜೇನುದನಿಯಲ್ಲಿ.

ನಾನು ಸದ್ದಿಲ್ಲದೆ ಚಪ್ಪಲಿ ಮೆಟ್ಟಿಕೊಂಡು ಕನ್ನಡಕದ ಅಂಗಡಿಗೆ ಹೊರಟೆ.