ಎಡಗೈ ರೈಫಲ್ಲಿನ ಮೂರು ಗುಂಡು

ಕಕ್ಕಬೆ ಸುತ್ತಮುತ್ತ ನನ್ನಂಥ ಗುರಿಕಾರ ಇನ್ನೊಬ್ಬನಿಲ್ಲ. ಇದನ್ನು ನಾನೇ ಹೇಳಬೇಕಾಗಿದೆ, ಏಕೆಂದರೆ ಬೇರೆ ಯಾರೂ ಹೇಳುತ್ತಿಲ್ಲ. ದೇವರು ನನ್ನನ್ನು ಎಡಚನನ್ನಾಗಿ ಮಾಡಿದ, ಆದರೆ ಕೋವಿ ಮಾಡುವವರಿಗೆ ಒಂದು ಮಾತು ತಿಳಿಸಲಿಲ್ಲ. ಅದಕ್ಕೇ ನಾನು ಕೋವಿ ಎತ್ತಿದಾಗಲೆಲ್ಲ ಏನಾದರೊಂದು ಆಗುತ್ತಲೇ ಇರುತ್ತದೆ.

ನಮ್ಮ ಕಡೆ ಕೋವಿ ಎಂದರೆ ಮನೆಯವರಲ್ಲಿ ಒಬ್ಬರಿದ್ದ ಹಾಗೆ. ಕೈಲ್ ಮುಹೂರ್ತದ ಹಬ್ಬಕ್ಕೆ ಹೂವಿಟ್ಟು ಪೂಜೆ, ಆಮೇಲೆ ಮೈದಾನದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಸಾವಾದರೆ ಬೆನ್ನುಬೆನ್ನಿಗೆ ಎರಡು. ನಮ್ಮ ಗುಡ್ಡಗಳಲ್ಲಿ ಈಗಲೂ ಮೊಬೈಲ್ ಸಿಗ್ನಲ್‌ಗಿಂತ ಗುಂಡಿನ ಸದ್ದೇ ವಾಸಿ. ಬೇಟೆ ಅಜ್ಜಂದಿರ ಕಾಲಕ್ಕೇ ಮುಗಿಯಿತು. ನಮಗೆ ಉಳಿದದ್ದು ಕಿತ್ತಳೆ ತಿನ್ನುವ ಕೋತಿಯನ್ನೂ ಗದ್ದೆ ಅಗೆಯುವ ಹಂದಿಯನ್ನೂ ಸದ್ದು ಮಾಡಿ ಓಡಿಸುವ ಕೆಲಸ. ಜೊತೆಗೆ ನನಗೊಂದು ಆಸೆ: ಸಾಯುವುದರೊಳಗೆ ಒಂದೇ ಒಂದು ತೆಂಗಿನಕಾಯಿ ಒಡೆಯಬೇಕು.

ಬಾವನ ಕುಣಿತ

ಅಪ್ಪನ ಕಾಲದ ಬೋಲ್ಟ್ ರೈಫಲ್ ನಮ್ಮಲ್ಲಿತ್ತು. ಒಂದು ಗುಂಡು ಹೊಡೆದ ಮೇಲೆ ಬಲಗಡೆಯ ಹಿಡಿಯನ್ನು, ಅಂದರೆ ಬೋಲ್ಟನ್ನು, ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಇನ್ನೊಂದಕ್ಕೆ ತಯಾರು. ಎಳೆದಾಗ ಖಾಲಿ ತೋಟಾ ಬಿಸಿಬಿಸಿಯಾಗಿ ಬಲಕ್ಕೆ ಹಾರುತ್ತದೆ. ಬಲಗೈಯವರಿಗೆ ಸುಲಭ. ನಾನೋ, ಎಡಗೈಯನ್ನು ಕೋವಿಯ ಮೇಲಿಂದ ಹಾಯಿಸಿ, ಹಸುವಿನ ಆಚೆ ಬದಿಯಿಂದ ಹಾಲು ಕರೆಯುವವನ ಹಾಗೆ ತಡಕಾಡಬೇಕು.

ಒಂದು ಹಬ್ಬದ ಪಂದ್ಯದಲ್ಲಿ ಬಾವ, ಅಂದರೆ ನನ್ನ ಹೆಂಡತಿಯ ಅಣ್ಣ, ನನ್ನ ಬಲಕ್ಕೇ ಬಂದು ನಿಂತರು. ಮೊದಲ ಗುಂಡು ಎಲ್ಲಿಗೋ ಹೋಯಿತು.

"ಬಾವ, ಕಾಯಿ ಮರದಲ್ಲಿದೆ ಮಾರಾಯ್ರೆ. ಮೋಡದಲ್ಲಿ ಅಲ್ಲ" ಎಂದು ಅವರು ನನ್ನನ್ನು ಛೇಡಿಸಿದರು.

ಸಿಟ್ಟಿನಲ್ಲಿ ಬೋಲ್ಟ್ ಎಳೆದೆ. ಬಿಸಿ ತೋಟಾ ಹಾರಿ ನೆಟ್ಟಗೆ ಬಾವನ ಕಾಲರಿನೊಳಗೆ ಇಳಿಯಿತು. ಬಾವ ಕೈ ಎತ್ತಿದರು, ಸೊಂಟ ತಿರುಗಿಸಿದರು, ಒಂದು ಕಾಲಲ್ಲಿ ಸುತ್ತು ಹಾಕಿದರು. ಅದನ್ನು ಕಂಡ ವಾಲಗದವರು ಕುಣಿತ ಶುರುವಾಯಿತೆಂದು ಬಾರಿಸತೊಡಗಿದರು. ವಾಲಗ ಕೇಳಿ ಸುಮ್ಮನೆ ನಿಲ್ಲುವವರು ನಮ್ಮೂರಲ್ಲಿ ಹುಟ್ಟಿಲ್ಲ, ಮೈದಾನವೆಲ್ಲ ಕುಣಿಯಿತು. ಆ ವರ್ಷವೂ ನನಗೆ ಕಾಯಿ ಸಿಗಲಿಲ್ಲ. ಕುಣಿತದ ಮೊದಲ ಬಹುಮಾನ ಮಾತ್ರ ಬಾವನಿಗೇ ಬಂತು.

ಕೋತಿಗಳ ಲೆಕ್ಕಾಚಾರ

ನಮ್ಮ ತೋಟದ ಕೋತಿಗಳಿಗೆ ಆ ರೈಫಲ್ಲಿನ ವಿಷಯ ನನಗಿಂತ ಚೆನ್ನಾಗಿ ಗೊತ್ತಿತ್ತು. ಮೊದಲ ಸದ್ದಿಗೆ ಪಕ್ಕದ ಮರಕ್ಕೆ ಹಾರುವುವು. ಎರಡನೆಯದಕ್ಕೆ ನಾನು ತಡಕಾಡಿ ಮುಗಿಸುವಷ್ಟರಲ್ಲಿ ವಾಪಸು ಬಂದು, ಕಿತ್ತಳೆ ಸುಲಿದು, ನಾರು ಬಿಡಿಸಿ ತಿನ್ನುವಷ್ಟು ಪುರುಸೊತ್ತು ಅವಕ್ಕೆ. ಒಂದು ಮುದಿ ಗಡವ ಕೋತಿಯಂತೂ ಮರಿಗಳನ್ನು ಮುಂದಿನ ಕೊಂಬೆಯಲ್ಲಿ ಸಾಲಾಗಿ ಕೂರಿಸಿ, ತನ್ನ ಎಡಗೈಯನ್ನು ಮುಖದ ಮೇಲಿಂದ ಬಲಕ್ಕೆ ಹಾಯಿಸಿ, ಥೇಟ್ ನನ್ನ ಹಾಗೆ ತಡಕಾಡಿ ತೋರಿಸಿತು. ಇದು ಸುಳ್ಳಾದರೆ ನಾನು ಬಲಗೈಯಲ್ಲಿ ಉಣ್ಣುತ್ತೇನೆ.

"ತೋಟ ಕಾಯೋದು ಬಿಡಿ," ಎಂದಳು ನನ್ನ ಹೆಂಡತಿ. "ಅವು ಈಗ ಕಿತ್ತಳೆಗೆ ಬರ್ತಾ ಇಲ್ಲ. ನಿಮ್ಮನ್ನು ನೋಡೋಕೇ ಬರೋದು."

ಅಂಗಡಿಯಲ್ಲಿ

ಕೊನೆಗೆ ನಾನೂ ಹೆಂಡತಿಯೂ ಮೈಸೂರಿನ ಕೋವಿ ಅಂಗಡಿಯೊಂದಕ್ಕೆ ಹೋದೆವು.

"ಎಡಗೈಯವರ ಬೋಲ್ಟ್ ರೈಫಲ್ ಬೇಕು" ಎಂದೆ.

"ಬಲಗೈಯಲ್ಲೇ ಅಭ್ಯಾಸ ಮಾಡ್ಕೊಳ್ಳಿ ಸರ್, ಬಂದುಬಿಡುತ್ತೆ" ಎಂದ ಅಂಗಡಿಯವನು.

ಹೆಂಡತಿ ನಡುವೆ ಬಂದಳು. "ಇವರಿಗೆ ಅರವತ್ತು ದಾಟ್ತು. ಬಲಗೈಲಿ ಬಾಗಿಲ ಚಿಲಕ ತೆಗೆಯೋಕೇ ಬರಲ್ಲ. ಇನ್ನು ಕೋವಿ ಅಭ್ಯಾಸವಾ?"

ಅಂಗಡಿಯವನು ತಲೆ ಕೆರೆದುಕೊಂಡು, "ಎರಡೂ ಕೈಗೆ ಆಗೋದು ಒಂದಿದೆ" ಎಂದು ತೆಗೆದುಕೊಟ್ಟದ್ದು ಬಲೂನು ಹೊಡೆಯುವ ಏರ್‌ಗನ್. ನನ್ನ ಮುಖ ನೋಡಿ ಅದನ್ನು ಒಳಗಿಟ್ಟು, ಹಿಂದಿನ ಕೋಣೆಯಿಂದ ಧೂಳು ಹಿಡಿದ ರೈಫಲ್ಲೊಂದನ್ನು ತಂದ. ಬೋಲ್ಟ್ ಎಡಗಡೆ!

"ಯಾರೋ ಎಡಚ ಕಾಫಿ ಪ್ಲಾಂಟರದು ಸರ್. ಬಂದವರೆಲ್ಲ ಎತ್ತಿ ನೋಡಿ, ಇದು ಉಲ್ಟಾ ಇದೆ ಅಂತ ಇಟ್ಟು ಹೋಗ್ತಾರೆ."

"ನನ್ನನ್ನೂ ಹಾಗೇ ಅಂತಾರೆ" ಎಂದೆ.

ಕೋವಿ ಆರಿಸುವವರಿಗೆ ನನ್ನದೊಂದೇ ಪಾಠ: ಕಣ್ಣು ಮುಚ್ಚಿ ಹೆಗಲಿಗೇರಿಸಿ, ಆಮೇಲೆ ಕಣ್ಣು ಬಿಡಿ. ಕುತ್ತಿಗೆ ಕೊಂಕಿಸದೆ ಗುರಿ ಕಣ್ಣೆದುರಿಗೇ ಬಂದರೆ ಅದು ನಿಮ್ಮದು. ನಾನು ಕಣ್ಣು ಬಿಟ್ಟೆ, ಗುರಿ ಎದುರಿಗೇ ಇತ್ತು. ಕೆನ್ನೆಗೆ ಕೋವಿಯ ಮರದ ಬುಡ ಒರಗಿತು, ಎಡಗೈ ತಾನಾಗಿ ಬೋಲ್ಟಿಗೆ ಹೋಯಿತು. ಮೇಷ್ಟ್ರ ಬೆತ್ತ ತಿಂದ ಕೈ ಅದು. ಕುಡುಗೋಲಿನಿಂದ ಹಿಡಿದು ಕತ್ತರಿಯವರೆಗೆ ಬೇರೆಯವರಿಗೆ ಮಾಡಿದ್ದನ್ನೇ ಹಿಡಿದು ದುಡಿದ ಕೈ. ಅದಕ್ಕೆಂದೇ ಮಾಡಿದ ವಸ್ತು ಜನ್ಮದಲ್ಲಿ ಮೊದಲ ಸಲ ಸಿಕ್ಕಿತ್ತು. ಆ ಕಾಣದ ಎಡಚನಿಗೆ ಮನಸ್ಸಿನಲ್ಲೇ ಕೈಮುಗಿದೆ. ಕಣ್ಣು ಮಂಜಾಯಿತು.

"ಕಣ್ಣಿಗೆ ಧೂಳು ಬಿತ್ತಾ ಸರ್?" ಎಂದು ಅಂಗಡಿಯವನು ಕೇಳಿದ.

"ಧೂಳಲ್ಲ," ಎಂದಳು ಹೆಂಡತಿ. "ಮದುವೆ ದಿನ ನನ್ನನ್ನೂ ಹೀಗೆ ನೋಡಿರಲಿಲ್ಲ. ಇದನ್ನೇ ಕೊಟ್ಟುಬಿಡಿ."

ಮೂರು ಗುಂಡು

ಲೈಸೆನ್ಸಿನ ಕೆಲಸವೆಲ್ಲ ಮುಗಿದು ರೈಫಲ್ ಮನೆಗೆ ಬಂತು. ಹೆಂಡತಿ ಬಾಗಿಲು ಹಾಕಿಕೊಂಡು ನಾಪೋಕ್ಲು ಸಂತೆಗೆ ಹೋಗಿದ್ದಳು. ನಾನು ತೋಟಕ್ಕಿಳಿದೆ. ಕೋತಿಗಳು ಜಾಗ ಹಿಡಿದು ಕೂತಿದ್ದವು. ಆಕಾಶಕ್ಕೆ ಒಂದು ಬಿಟ್ಟೆ, ಪಕ್ಕದ ಮರಕ್ಕೆ ಹಾರಿದವು. ಕೈ ತಾನಾಗಿ ಆಡಿತು, ಉಸಿರು ಬಿಡುವುದರೊಳಗೆ ಇನ್ನೊಂದು! ಮುದಿ ಗಡವನ ಬಾಯಿಂದ ಕಿತ್ತಳೆ ಜಾರಿ ಬಿತ್ತು. ಇಡೀ ದಂಡು ತಡಿಯಂಡಮೋಳ್ ಬೆಟ್ಟದ ಕಡೆಗೆ ಓಡಿದ್ದು ಇನ್ನೂ ಬಂದಿಲ್ಲ.

ಖುಷಿಯಲ್ಲಿ ತೋಟದಲ್ಲೇ ಸುತ್ತಾಡಿ ಮನೆ ಕಡೆ ಹತ್ತಿದರೆ, ಅಂಗಳದ ತುಂಬ ಬಿಳಿ ಬಟ್ಟೆಯ ಜನ. ಯಾರು ಸತ್ತರಪ್ಪ ಎಂದು ಕಾಫಿ ಗಿಡದ ಮರೆಯಲ್ಲಿ ನಿಂತು ಕಿವಿಗೊಟ್ಟೆ.

"ಬಾಗಿಲು ಹಾಕಿದೆ. ಆಸ್ಪತ್ರೆಯಿಂದ ತರ್ತಾ ಇದ್ದಾರೋ ಏನೋ."

"ನಮ್ಮ ಬಾವಿ ಬತ್ತಿದಾಗ ಕೇಳದೇ ಪೈಪು ಎಳೆದು ನೀರು ಕೊಟ್ಟ ಮನುಷ್ಯ."

"ಬಾಯಿ ಬಿಟ್ಟರೆ ಸುಳ್ಳೇ. ಆದರೆ ಆ ಸುಳ್ಳಿಂದ ಯಾರಿಗೂ ಒಂದು ದಿನ ತೊಂದರೆ ಆಗಿಲ್ಲ."

ಆಗ ತಿಳಿಯಿತು, ನಮ್ಮ ತೋಟದಿಂದ ಬೆನ್ನುಬೆನ್ನಿಗೆ ಎರಡು ಗುಂಡು! ಸತ್ತವನು ನಾನೇ. ಹೊರಗೆ ಬರಬೇಕೆಂದಿದ್ದೆ, ಆದರೆ ಇಷ್ಟು ಒಳ್ಳೆಯ ಮಾತನ್ನು ಅರ್ಧಕ್ಕೆ ನಿಲ್ಲಿಸಲು ಮನಸ್ಸು ಬರಲಿಲ್ಲ. ಕಾಫಿ ಹಣ್ಣಿನ ಪಿಕಿಂಗ್ ಬಿಟ್ಟು, ಒಲೆ ಆರಿಸಿ, ಅಷ್ಟು ಜನ ಗುಡ್ಡ ಹತ್ತಿ ಬಂದಿದ್ದರು. ಆಗಲೇ ಬಾವ ಮೂಗೊರೆಸಿಕೊಂಡು ಅಂದರು:

"ಪಾಪ, ಕಡೆವರೆಗೂ ಒಂದು ಕಾಯಿ ಒಡೀಲಿಕ್ಕೆ ಆಗಲಿಲ್ಲ. ಇನ್ನು ನಾವೇ ಒಂದು ಒಡೆದು ಚಿತೆ ಮೇಲೆ ಇಡಬೇಕು."

ಅದೊಂದು ತಡೆಯಲಾಗಲಿಲ್ಲ. ಗಿಡ ಸರಿಸಿಕೊಂಡು ಹೊರಬಂದೆ. "ಇಡಿ ಬಾವ ಕಾಯಿ, ಈಗಲೇ ಇಡಿ!"

ಅರ್ಧ ಜನ ಕಿರುಚಿದರು, ಉಳಿದರ್ಧ ನನ್ನ ಪಾದ ಹಿಂದುಮುಂದಾಗಿದೆಯೇ ಎಂದು ಬಗ್ಗಿ ನೋಡಿದರು. ಬಾವ ಓಡಿ ಬಂದು ತಬ್ಬಿಕೊಂಡರು, ಆಮೇಲೆ ಬೈದರು, ಆಮೇಲೆ ಜಗಲಿಯಿಂದ ಒಂದು ಕಾಯಿ ತಂದು ದೂರದ ಬರೆಯ ಮಣ್ಣಿನ ಗೋಡೆಗೆ ಒರಗಿಸಿದರು. ಎಲ್ಲರೂ ಹಿಂದೆ ಸರಿದು ನಿಂತರು. ಬಾವ ನನ್ನ ಎಡಕ್ಕಲ್ಲ, ಬಲಕ್ಕಲ್ಲ, ಹಲಸಿನ ಮರದ ಹಿಂದೆ ನಿಂತರು. ಕೆನ್ನೆ ಒರಗಿಸಿದೆ. ಒಂದೇ ಗುಂಡು, ಕಾಯಿ ಎರಡು ಹೋಳು! ಸಾವಿಗೆ ಬಂದವರು ನನ್ನನ್ನು ಹೆಗಲ ಮೇಲೆ ಹೊತ್ತರು, ಹೇಗೂ ಹೊರಲೆಂದೇ ಬಂದಿದ್ದವರು.

ಅಷ್ಟರಲ್ಲಿ ಹೆಂಡತಿ ಸಂತೆಯ ಚೀಲ ಹಿಡಿದು ಬಂದಳು. ಬಿಳಿ ಬಟ್ಟೆ ನೋಡಿದಳು, ನನ್ನ ಕೈಯ ರೈಫಲ್ ನೋಡಿದಳು. "ಅಯ್ಯೋ, ಯಾರನ್ನು ಹೊಡೆದ್ರಿ?"

ಎಲ್ಲವನ್ನೂ ಹೇಳಿ ಮುಗಿಸಿ, ಆ ಕಾಯಿಯನ್ನೇ ತುರಿದು ಬಂದವರಿಗೆಲ್ಲ ಕಡುಬು, ಕಾಫಿ ಕೊಡುವಾಗ ಮೇಲಿನ ಗುಡ್ಡದ ಅಜ್ಜ ಏದುಸಿರು ಬಿಡುತ್ತ ಬಂದರು. ಮೈಮೇಲೆ ಜರಿಯ ಶಾಲು, ಕೈಯಲ್ಲಿ ಒಂದು ಗೊನೆ ಬಾಳೆಹಣ್ಣು.

"ಎರಡು ಗುಂಡು ಕೇಳಿ ಬಿಳಿ ಉಟ್ಟು ಹೊರಟಿದ್ದೆ ಮಗಾ," ಎಂದರು ಹೆಂಡತಿಗೆ. "ಅರ್ಧ ದಾರಿಯಲ್ಲಿ ಒಂದು ಗುಂಡು ಕೇಳಿಸ್ತು. ವಾಪಸು ಹೋಗಿ ಬದಲಾಯಿಸಿ ಬಂದೆ. ಈ ವಯಸ್ಸಲ್ಲೂ ದೇವರು ಕಣ್ಣು ಬಿಟ್ಟ ನೋಡು! ಎಲ್ಲಿ, ಗಂಡುಮಗು?"

ಹೆಂಡತಿ ಬಾಳೆಗೊನೆ ಇಸಕೊಂಡು ನನ್ನ ಕಡೆ ಕೈ ತೋರಿಸಿದಳು.

"ಅಗೋ ಅಜ್ಜ, ಅಲ್ಲಿ ಕೂತು ಕಡುಬು ತಿನ್ತಾ ಇದೆ. ಈ ಸಲವೂ ಎಡಚನೇ."