ಶಿವಣ್ಣನವರ ಬ್ಯಾರನ್ನಿನಲ್ಲಿ ಕ್ವಾಂಟಮ್ ಸ್ಥಿತಿ

ಕ್ವಾಂಟಮ್ ಸ್ಥಿತಿ ಎಂದರೇನು ಎಂಬುದನ್ನು ಬೆಟ್ಟದಪುರದ ಸುತ್ತಮುತ್ತ ಸರಳ ಕನ್ನಡದಲ್ಲಿ ವಿವರಿಸಬಲ್ಲವರು ಯಾರಾದರೂ ಇದ್ದರೆ ಅದು ನಾನೇ ಎಂಬ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ನಾನು ಹೈಸ್ಕೂಲಿನಲ್ಲಿ ಕಲಿಸಿದ್ದು ಡ್ರಾಯಿಂಗ್. ಆದರೇನಂತೆ! ಹೂಕುಂಡ ಬರೆಯಲು ಕಲಿಸಿದವನಿಗೆ ಪರಮಾಣು ಯಾವ ಲೆಕ್ಕ?

ನಿವೃತ್ತಿಯಾಯಿತು. ಅದರ ಹಿಂದೆಯೇ ನನ್ನ ಮನೆಯಾಕೆಯೂ ತೀರಿಹೋದಳು. ಈಗ ಮನೆಯಲ್ಲಿ ನನಗೆ ಎದುರು ಮಾತಾಡುವುದು ಕುಕ್ಕರ್ ಒಂದೇ. ಅದು ಕೂಗಿದರೆ ‘ಬಂದೆ, ಬಂದೆ’ ಎಂದು ನಾನೂ ಜೋರಾಗಿಯೇ ಹೇಳುತ್ತೇನೆ. ಮಾತು ಮರೆತುಹೋಗಬಾರದಲ್ಲ! ಮಿಕ್ಕಂತೆ ದಿನವೆಲ್ಲ ತುಂಬಿಕೊಂಡ ಮಾತನ್ನು ಸಂಜೆ ಇಳಿಸಲು ನನಗಿದ್ದದ್ದು ಎದುರುಮನೆಯ ಶಿವಣ್ಣನವರ ಜಗಲಿ. ಶಿವಣ್ಣ ಹೊಗೆಸೊಪ್ಪು ಬೆಳೆಯುವವರು, ಮಾತು ಕಮ್ಮಿ. ಅಂದರೆ ನನಗೆ ಹೇಳಿ ಮಾಡಿಸಿದವರು.

ಅವರ ಮಗಳು ಚಂದ್ರಕಲಾ ಮೈಸೂರಿನಲ್ಲಿ ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಒಂದು ಸಂಜೆ ಶಿವಣ್ಣ ಎಂದೂ ಇಲ್ಲದಂತೆ ತಾವಾಗಿಯೇ ಬಾಯಿಬಿಟ್ಟರು.

“ಮೇಷ್ಟ್ರೇ, ನಮ್ಮ ಚಂದ್ರಿ ಅಲ್ಲಿ ಏನ್ ಕೆಲ್ಸ ಮಾಡ್ತದೆ ಅಂತ ಕೇಳುದ್ರೆ ಅದೇನೋ ಕ್ವಾಂಟಮ್ ಸ್ಥಿತಿ ಅಂತದೆ. ಅಂಗಂದ್ರೇನವ್ವ ಅಂದ್ರೆ, ಬುಡಪ್ಪ ನಿಂಗೆ ಗೊತ್ತಾಗಕಿಲ್ಲ ಅಂತದೆ. ಯಾರಾರ ಕೇಳುದ್ರೆ ನಾನೇನು ಏಳ್ಲಿ?”

ಅಷ್ಟು ಉದ್ದ ಮಾತಾಡಿದ ಆಯಾಸಕ್ಕೆ ಅವರು ನೀರು ಕುಡಿದರು. ನನಗೆ ಮಾತ್ರ ಮೈಯೆಲ್ಲ ಬೆಳಕಾಯಿತು. ನನ್ನಿಂದ ಒಬ್ಬರಿಗೆ ಒಂದು ವಿಷಯ ಬೇಕಾಗಿ ಎಷ್ಟು ಕಾಲವಾಗಿತ್ತು! “ಒಂದು ವಾರ ಕೊಡಿ ಶಿವಣ್ಣ, ನೀರು ಕುಡಿದಷ್ಟು ಸಲೀಸಾಗಿ ತಿಳಿಸ್ತೀನಿ” ಎಂದು ಘೋಷಿಸಿದೆ.

ವಾರವಿಡೀ ಮೊಬೈಲಿನಲ್ಲಿ ವಿಡಿಯೋ ನೋಡಿದೆ. ನೋಡಿದ್ದರಲ್ಲಿ ಅರ್ಥವಾದದ್ದು ಇಷ್ಟು: ಅತಿ ಸಣ್ಣ ಕಣವು ನಾವು ನೋಡುವವರೆಗೂ ಹೀಗೂ ಇರುತ್ತದೆ, ಹಾಗೂ ಇರುತ್ತದೆ. ನೋಡಿದೆವೋ, ಯಾವುದೋ ಒಂದಾಗಿಬಿಡುತ್ತದೆ. ಇದಕ್ಕೆ ನಮ್ಮೂರಿನ ಉದಾಹರಣೆ ಹುಡುಕುತ್ತಾ ಕಿಟಕಿಯಾಚೆ ಕಣ್ಣು ಹಾಯಿಸಿದರೆ ಎದುರಿಗೇ ನಿಂತಿತ್ತು ಶಿವಣ್ಣನವರ ಬ್ಯಾರನ್!

ಬ್ಯಾರನ್ ಎಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಕೋಣೆ. ಕಡ್ಡಿಗೆ ಪೋಣಿಸಿದ ಹಸಿರು ಎಲೆಯನ್ನು ಒಳಗೆ ಸಾಲು ಸಾಲಾಗಿ ತೂಗುಹಾಕಿ, ಬಾಗಿಲು ಬಿಗಿಮಾಡಿ, ಹೊರಗಿನ ಒಲೆಗೆ ಸೌದೆ ಒಟ್ಟುತ್ತಾರೆ. ನಿಧಾನವಾಗಿ ಶಾಖ ಏರಿಸಿದರೆ ದಿನಗಳಾದ ಮೇಲೆ ಎಲೆ ಬಂಗಾರದಂತೆ ಹೊರಬರುತ್ತದೆ. ಕೆಟ್ಟರೆ ಕರಿ. ನಡುವೆ ಬಾಗಿಲು ತೆಗೆಯುವಂತಿಲ್ಲ. ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ಅಂದು ಸಂಜೆಯೇ ಜಗಲಿಯಲ್ಲಿ ಪ್ರಯೋಗಿಸಿದೆ.

“ನೋಡಿ ಶಿವಣ್ಣ, ಬಾಗಿಲು ತೆಗೆಯೋವರೆಗೂ ಒಳಗಿನ ಸೊಪ್ಪು ಹಳದಿಯೂ ಹೌದು, ಕರಿಯೂ ಹೌದು. ಇದೇ ಕ್ವಾಂಟಮ್ ಸ್ಥಿತಿ!”

“ಕರಿ ಯಾಕಾದದು? ಬಾಯಲ್ಲಿ ಒಳ್ಳೇದು ಬರ್ಲಿ ಮೇಷ್ಟ್ರೇ!” ಎಂದರು ಒಳಗಿನಿಂದ ಗೌರಮ್ಮ, ಅಂದರೆ ಅವರ ಮನೆಯವರು.

ಶಿವಣ್ಣ, “ಅಂಗಾರೆ ನಮ್ಮ ಮಗ್ಳು ಸೊಪ್ಪು ಬೇಯ್ಸಾದು ಕಲೀತಾವ್ಳಾ? ಅದ್ಕೆ ಮೈಸೂರ್ಗೆ ಯಾಕೋಗ್ಬೇಕಿತ್ತು?” ಎಂದರು.

ಮಾತಿನಲ್ಲಿ ಆಗದು, ಕಣ್ಣಿಗೆ ತೋರಿಸಬೇಕು ಎಂದು ನಾನು ಅಲ್ಲಿಯೇ ತೀರ್ಮಾನಿಸಿದೆ.

ಅವಕಾಶವೂ ತಾನಾಗಿ ಒದಗಿತು. ಕೆ.ಆರ್. ನಗರದಲ್ಲಿ ನೆಂಟರ ಮನೆಯ ನಾಮಕರಣ. ಗಂಡ ಹೆಂಡತಿ ಇಬ್ಬರೂ ಹೋಗಲೇಬೇಕು. ಬ್ಯಾರನ್ನಿನಲ್ಲಿ ಸೊಪ್ಪು ಆಗತಾನೆ ಹಳದಿಗೆ ತಿರುಗುತ್ತಿತ್ತು. “ಮೇಷ್ಟ್ರೇ, ಸಂಜೆಗಂಟ ನೋಡ್ಕಳಿ. ಈ ಮುಳ್ಳು ಇಲ್ಲೇ ಇರ್ಬೇಕು. ಇಳುದ್ರೆ ಒಂದ್ ಸೌದೆ, ಏರುದ್ರೆ ಸುಮ್ಕಿರಿ. ಬಾಗ್ಲು ಮಾತ್ರ ಮುಟ್ಬೇಡಿ” ಎಂದು ಶಿವಣ್ಣ ಶಾಖದ ಮಾಪಕ ತೋರಿಸಿ ಬಸ್ಸು ಹತ್ತಿದರು. ಇಡೀ ಬೆಳೆಯನ್ನು ನನ್ನ ಕೈಲಿಟ್ಟು ಹೋದ ಆ ನಂಬಿಕೆಗೆ ನನ್ನ ಕಣ್ಣು ತೇವವಾಯಿತು. ಆಮೇಲೆ ಮೊಬೈಲ್ ತೆಗೆದೆ.

ನನ್ನ ಯೋಜನೆ ನಿರಪಾಯಕಾರಿಯಾಗಿತ್ತು. ಬ್ಯಾರನ್ ಮುಂದೆ ನಿಂತು ವಿವರಣೆ ಕೊಡುವುದು, ಕೊನೆಯಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತು ಬಾಗಿಲು ತೆಗೆದು ‘ಇಗೋ, ಹಳದಿ!’ ಎನ್ನುವುದು. ವಿಡಿಯೋ ಊರಿನ ವಾಟ್ಸಾಪ್ ಗುಂಪಿಗೆ ಹೋದರೆ ಯಾರಾದರೂ ಮನೆಗೆ ಬಂದು ‘ಮೇಷ್ಟ್ರೇ, ಇನ್ನಷ್ಟು ಹೇಳಿ’ ಅಂದಾರು ಎಂಬ ಆಸೆಯೂ ಇತ್ತೆನ್ನಿ.

ಮೊದಲ ಸಲ ಬಾಗಿಲು ತೆಗೆದೆ. ನೋಡಿದರೆ ಮೊಬೈಲಿನಲ್ಲಿ ಕಂಡದ್ದು ನನ್ನ ಹೆಬ್ಬೆರಳು! ಎರಡನೆಯ ಸಲ ತೆಗೆದೆ. ಒಳಗಿನ ಹಬೆ ರಪ್ಪನೆ ಬಂದು ಕನ್ನಡಕ ಮಬ್ಬಾಗಿ, ‘ಇಗೋ, ಹಳದಿ’ ಎಂದು ಗೋಡೆ ತೋರಿಸಿದೆ. ಮೂರನೆಯ ಸಲ ಎಲ್ಲವೂ ಸರಿಹೋಯಿತು, ರೆಕಾರ್ಡಿನ ಗುಂಡಿ ಒತ್ತುವುದೊಂದನ್ನು ಬಿಟ್ಟು. ಅಂತೂ ನಾಲ್ಕನೆಯ ಸಲ ಸಿಕ್ಕ ವಿಡಿಯೋವನ್ನು ಗುಂಪಿಗೆ ಕಳಿಸಿ, ನಾನು ಹೆಮ್ಮೆಯಿಂದ ಮಾಪಕದತ್ತ ತಿರುಗಿದೆ.

ಮುಳ್ಳು ಪಾತಾಳಕ್ಕಿಳಿದಿತ್ತು!

ಕೂಡಲೇ ಒಂದು ಸೌದೆ ಹಾಕಿದೆ. ಮುಳ್ಳು ಅಲುಗಲಿಲ್ಲ. ಇನ್ನೆರಡು ಹಾಕಿದೆ. ಆಗಲೂ ಇಲ್ಲ. ತಾಳ್ಮೆ ಎಂಬುದು ಡ್ರಾಯಿಂಗ್ ಮೇಷ್ಟ್ರ ಮೊದಲ ಗುಣ ಎಂದು ಮಕ್ಕಳಿಗೆ ಹೇಳುತ್ತಿದ್ದವನು ನಾನೇ. ಆದರೂ ಒಲೆಯ ಬಾಯಿ ತುಂಬುವಷ್ಟು ತುರುಕಿದೆ. ಆಮೇಲೆ ಮುಳ್ಳು ಏರಿತು ನೋಡಿ! ಶಿವಣ್ಣ ತೋರಿಸಿದ ಗುರುತು ದಾಟಿ, ನಾನು ಕೈಮುಗಿಯುವ ಮಟ್ಟಕ್ಕೆ ಏರಿತು. ಇಳಿಸಲು ದಿಕ್ಕು ತೋಚದೆ ಏನು ಮಾಡಿದೆ ಅಂತೀರಿ? ಮತ್ತೆ ಬಾಗಿಲು ತೆಗೆದೆ.

ಸಂಜೆ ಶಿವಣ್ಣ ಬಂದರು. ಮಾಪಕದ ಮುಳ್ಳು ನೋಡಿದರು. ಆಮೇಲೆ ತಾವೇ ಬಾಗಿಲು ತೆಗೆದರು. ಕೆಳಗಿನ ಸಾಲು ಕರಿ, ನಡುವಿನದು ಕಂದು, ಮೇಲಿನದು ಹಸಿರಿನಲ್ಲೇ ನಿಂತುಹೋಗಿತ್ತು. ನಡುನಡುವೆ ಅಲ್ಲೊಂದು ಇಲ್ಲೊಂದು ಹಳದಿ. ಎಲ್ಲ ಬಣ್ಣವೂ ಒಟ್ಟಿಗೇ! ದೊಡ್ಡ ದೊಡ್ಡ ಪ್ರಯೋಗಾಲಯಗಳಲ್ಲಿ ಕ್ಷಣಮಾತ್ರವೂ ನಿಲ್ಲದ ಸ್ಥಿತಿಯನ್ನು ನಾನು ನಮ್ಮೂರಿನಲ್ಲಿ ಶಾಶ್ವತವಾಗಿ ನಿಲ್ಲಿಸಿದ್ದೆ.

“ನಷ್ಟ ನಾನು ತುಂಬಿಕೊಡ್ತೀನಿ ಶಿವಣ್ಣ” ಎಂದೆ. ಅವರು ಏನೂ ಹೇಳದೆ ಒಳಗೆ ಹೋದರು. ಮಾತು ಕಮ್ಮಿ ಎಂದು ನಾನು ಮೆಚ್ಚಿಕೊಂಡಿದ್ದ ಮನುಷ್ಯನ ಮೌನ ಅಷ್ಟು ಭಾರವಿರುತ್ತದೆ ಎಂದು ಅಂದೇ ತಿಳಿದದ್ದು.

ಮರುದಿನ ಸಂಜೆ ಜಗಲಿಗೆ ಹೋಗಲು ಕಾಲು ಬರಲಿಲ್ಲ. ಅದರ ಮರುದಿನವೂ ಇಲ್ಲ. ನಮ್ಮ ಕಿಟಕಿಯಲ್ಲಿ ನಿಂತು, ಅವರು ಕೆಟ್ಟ ಸೊಪ್ಪನ್ನು ಬೇರೆ ಮಾಡುವುದನ್ನು ನೋಡುತ್ತಿದ್ದೆ. ಅವರು ಕತ್ತೆತ್ತಿದರೆ ನಾನು ಬಗ್ಗುತ್ತಿದ್ದೆ. ಕುಕ್ಕರ್ ಕೂಗಿದರೂ ಸುಮ್ಮನಿದ್ದೆ, ಅನ್ನ ಸೀದಿತು. ವಿಡಿಯೋಗೆ ಗುಂಪಿನಲ್ಲಿ ಒಬ್ಬರು ಕೈಮುಗಿದ ಚಿತ್ರ ಹಾಕಿದ್ದರು. ಹೆಸರು ನೋಡಿದರೆ ನಾನೇ, ಕೈತಪ್ಪಿ ಒತ್ತಿಕೊಂಡಿದ್ದೆ.

ಹಾಗಿರುವಾಗ ಚಂದ್ರಕಲಾ ಫೋನ್ ಮಾಡಿದಳು. ಬೈಯಲಿ, ಯಾರಾದರೂ ಮಾತಾಡಿದರೆ ಸಾಕು ಎನಿಸಿತು.

“ಮಾವ, ವಿಡಿಯೋ ನೋಡ್ದೆ. ಸೊಪ್ಪು ಹಂಗಲ್ಲ. ನೀವು ನೋಡಿ, ಬಿಡಿ, ಅದು ಯಾವ್ದೋ ಒಂದು ಬಣ್ಣದಲ್ಲಿ ಇದ್ದೇ ಇರುತ್ತೆ. ನಮಗೆ ಗೊತ್ತಿರಲ್ಲ ಅಷ್ಟೆ. ಎಲೆಕ್ಟ್ರಾನ್ ಮಾತ್ರ ನಾವು ಅಳೆಯೋವರೆಗೂ ಇದೇ ಅಂತ ಒಂದಾಗಿ ಇರೋದೇ ಇಲ್ಲ. ಎರಡೂ ಬೆರೆತ ಸ್ಥಿತಿ.”

“ಅಂಥದ್ದನ್ನ ಇಟ್ಕೊಂಡು ಏನ್ ಮಾಡ್ತೀರಮ್ಮ?”

“ಹೊಸ ಥರದ ಕಂಪ್ಯೂಟರು, ತೀರಾ ಸೂಕ್ಷ್ಮವಾಗಿ ಅಳೆಯೋ ಯಂತ್ರ, ಎಲ್ಲಾ ಅದರಿಂದ ಮಾಡೋಕೆ ನೋಡ್ತಿದ್ದಾರೆ. ಆದ್ರೆ ಬಹಳ ನಾಜೂಕು ಮಾವ. ಒಂಚೂರು ಶಾಖ ತಾಗಿದ್ರೂ, ಒಂಚೂರು ಅದುರಿದ್ರೂ ಕೆಟ್ಟೋಗುತ್ತೆ. ಯಾವುದರ ಸಂಪರ್ಕವೂ ಇಲ್ದಂಗೆ ಒಂಟಿಯಾಗಿ ಇಡಬೇಕು. ನಮ್ಮ ಕೆಲಸದಲ್ಲಿ ಅರ್ಧ ಅದೇ.”

ಒಂಟಿಯಾಗಿದ್ದಷ್ಟೂ ಚೆನ್ನಾಗಿರುವ ವಸ್ತು ಲೋಕದಲ್ಲಿ ಇದೆ ಎಂಬುದು ನನಗೆ ಹೊಸ ಸುದ್ದಿ. ನಾನಂತೂ ಒಂಟಿಯಾದಷ್ಟೂ ಕೆಡುವ ಜಾತಿ. ಪುರಾವೆ ಎದುರುಮನೆಯ ಅಂಗಳದಲ್ಲಿ ರಾಶಿ ಬಿದ್ದಿತ್ತಲ್ಲ!

ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಗೌರಮ್ಮನ ದನಿ ಬೀದಿಗೇ ಕೇಳಿಸಿತು. “ಚಂದ್ರಿನ ನೋಡ್ಕಂಡು ಬರ್ತೀನಿ ಅಂತೀರಿ, ಓಗಿ. ಒಸ ಸೊಪ್ಪು ಏರ್ಸಿದ್ದೀವಿ, ಬ್ಯಾರನ್ನು ನಾನ್ ನೋಡ್ಕತೀನಿ. ಆದ್ರೆ ಮೇಷ್ಟ್ರುನ್ನ ಮಾತ್ರ ಇಲ್ಲಿ ಬುಡ್ಬೇಡಿ, ಜೊತೇಲೇ ಕರ್ಕಂಡೋಗಿ!”

ಶಿವಣ್ಣ ನಮ್ಮ ಬಾಗಿಲಲ್ಲಿ ನಿಂತು, “ಬತ್ತೀರಾ ಮೈಸೂರ್ಗೆ?” ಎಂದರು. ಪ್ರೀತಿಯಿಂದಲ್ಲ, ಬ್ಯಾರನ್ ಉಳಿಸಿಕೊಳ್ಳಲು! ನಾನು ಅಷ್ಟರಲ್ಲಿ ಚಪ್ಪಲಿ ಮೆಟ್ಟಿಯಾಗಿತ್ತು.

ಬಸ್ಸಿನಲ್ಲಿ ಪಿರಿಯಾಪಟ್ಟಣದವರೆಗೆ ಇಬ್ಬರಿಗೂ ಮಾತಿಲ್ಲ. ಅಲ್ಲಿಂದ ಧೈರ್ಯ ಮಾಡಿ, ಚಂದ್ರಕಲಾ ಹೇಳಿದ್ದನ್ನು ಹೇಳಲು ತೊಡಗಿದೆ. ಹುಣಸೂರಿನಲ್ಲಿ ಅವರು ‘ಹೂಂ’ ಅಂದರು. ನನ್ನ ಉತ್ಸಾಹ ನೂರ್ಮಡಿಯಾಯಿತು. ಬಿಳಿಕೆರೆ ಹತ್ತಿರ ಬರುವಷ್ಟರಲ್ಲಿ ‘ಹೂಂ’ ನಿಂತಿತು, ನಿದ್ದೆ ಹೋಗಿದ್ದರು. ಬಸ್ಸು ಒಂದು ಉಬ್ಬು ಹಾರಿತು, ಅವರ ತಲೆ ವಾಲಿ ನನ್ನ ಭುಜದ ಮೇಲೆ ಕೂತಿತು.

ನಾನು ಮಾತು ನಿಲ್ಲಿಸಿದೆ. ಕೈ ಅಲುಗಿಸಲಿಲ್ಲ. ಮೂಗಿನ ಮೇಲೆ ನೊಣ ಕೂತರೂ ಓಡಿಸಲಿಲ್ಲ. ಅಷ್ಟು ವಿಡಿಯೋ ನೋಡಿಯೂ ತಿಳಿಯದಿದ್ದ ನಾಜೂಕು ಸ್ಥಿತಿ ಆಗ ಭುಜಕ್ಕೇ ತಿಳಿಯಿತು. ಅದನ್ನು ಕೆಡದಂತೆ ಮೈಸೂರಿನವರೆಗೂ ಕಾದೆ.

ನಿಲ್ದಾಣದಲ್ಲಿ ಶಿವಣ್ಣ ಕಣ್ಣುಜ್ಜಿಕೊಂಡು ಎದ್ದು, ನನ್ನನ್ನೇ ಗಾಬರಿಯಿಂದ ನೋಡಿದರು.

“ಯಾಕ್ ಮೇಷ್ಟ್ರೇ, ಇಷ್ಟೊತ್ತು ಬಾಯ್ ಮುಚ್ಕಂಡಿದ್ದೀರಿ? ಉಸಾರಿಲ್ವಾ? ಮೊದ್ಲು ಆಸ್ಪತ್ರೆಗೆ ಓಗ್ಮ ನಡೀರಿ!”