ಏಳನೇ ಕೋಣೆಯ ಗ್ರೀಕ್ ದೇವರುಗಳು

ಮುಟ್ಟಬಾರದು. ಇದ್ದದ್ದು ಇದೊಂದೇ ನಿಯಮ. ತೊಂಬತ್ತರ ದಶಕದ ನಡುವಿನಿಂದ ಒಂಬತ್ತು ವರ್ಷ, ಪಶ್ಚಿಮ ಲಂಡನ್ನಿನ ಒಂದು ಸಣ್ಣ ಮ್ಯೂಸಿಯಮ್ಮಿನಲ್ಲಿ, ಗ್ರೀಕ್ ದೇವರುಗಳ ಅಮೃತಶಿಲೆಯ ಮೂರ್ತಿಗಳಿದ್ದ ಏಳನೇ ಕೋಣೆಯ ಕಾವಲು ನನ್ನದಾಗಿತ್ತು. ಗಾಜಿಲ್ಲ, ಹಗ್ಗವಿಲ್ಲ, ಗೋಡೆಯ ಮೇಲೆ ಫಲಕ, ಕುರ್ಚಿಯ ಮೇಲೆ ನಾನು. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವನು, ಸಾಲು ತಪ್ಪಿ ನಿಂತದ್ದಕ್ಕೆ ಏಟು ತಿಂದು ಬೆಳೆದವನು. ನಿಯಮ ಅಂದರೆ ನಿಯಮ. ಇಷ್ಟು ಸುಲಭದ ನಿಯಮವನ್ನು ಜನ ಅಷ್ಟೊಂದು ಬಗೆಯಲ್ಲಿ ಹೇಗೆ ಮುರಿಯುತ್ತಾರೆ ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇಂಗ್ಲಿಷರೂ ಮುಟ್ಟುತ್ತಿದ್ದರು, ಆದರೆ ಮುಟ್ಟಿ ನಾಚಿಕೊಳ್ಳುತ್ತಿದ್ದರು. ನಮ್ಮವರು ಮುಟ್ಟಿ ವಾದಕ್ಕೆ ನಿಲ್ಲುತ್ತಿದ್ದರು. ನಮ್ಮ ದೇಶದ ಕಡೆಯವರೇ ತುಂಬಿದ ಸೌತ್‌ಹಾಲ್ ಹತ್ತಿರವೆಂದು ಫಲಕವನ್ನು ಪಂಜಾಬಿ, ಗುಜರಾತಿ, ಉರ್ದುವಿನಲ್ಲೂ ಬರೆಸಿದ್ದರು. ಹುಬ್ಬಳ್ಳಿಯ ಒಬ್ಬರು ಅದನ್ನು ಮೇಲಿಂದ ಕೆಳಗಿನವರೆಗೆ ನೋಡಿ, “ಕನ್ನಡದಾಗ ಏನೂ ಬರ್ದಿಲ್ಲಲ್ರೀ” ಎಂದು ನಿಶ್ಚಿಂತೆಯಿಂದ ಸಮುದ್ರದೇವ ಪೊಸೈಡನ್ನನ ಗಡ್ಡ ಸವರಿದರು.

ಯಾರು ಮುಟ್ಟಿದರೂ ನಾನು ಅದನ್ನೊಂದು ಪುಸ್ತಕದಲ್ಲಿ ಬರೆಯಬೇಕಿತ್ತು. ಪುಸ್ತಕ ಹೀಗೇ ತುಂಬುತ್ತಾ ಹೋದರೆ ಮೂರ್ತಿಗಳು ಗಾಜಿನ ಕಪಾಟು ಸೇರುತ್ತವೆ, ಗಾಜಿಗೆ ಕಾವಲು ಬೇಡವಾದ್ದರಿಂದ ನಾನು ಬಂದವರ ಕೋಟು ತೆಗೆದಿಡುವ ನೆಲಮಾಳಿಗೆಯ ಕೋಟು ಕೌಂಟರು ಸೇರುತ್ತೇನೆ ಎಂದು ನಮ್ಮ ಮೇಲ್ವಿಚಾರಕಿ ಬಹಳ ಸೌಜನ್ಯದಿಂದ ತಿಳಿಸಿದ್ದರು. ದೇವರುಗಳ ಮಧ್ಯೆ ಇದ್ದು ಅಭ್ಯಾಸವಾದವನಿಗೆ ಒದ್ದೆ ಕೋಟುಗಳ ಮಧ್ಯೆ ಬದುಕುವುದು ಕಷ್ಟ. ಆದರೆ ಸುಳ್ಳು ಬರೆಯುವವನೂ ನಾನಲ್ಲ. ಪುಸ್ತಕ ತುಂಬುತ್ತಲೇ ಇತ್ತು.

೧. ದಂಡವಾದ ನಮಸ್ಕಾರ

ಮೈಸೂರು ಕಡೆಯ ಡಾಕ್ಟರೊಬ್ಬರು ಊರಿಂದ ಬಂದಿದ್ದ ತಾಯಿಯನ್ನು ಕರೆತಂದಿದ್ದರು. ಆಕೆ ಒಳಗೆ ಬಂದವರೇ ನೆಟ್ಟಗೆ ಝ್ಯೂಸ್ ದೇವನ ಬಳಿ ಹೋಗಿ, ಎರಡೂ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾನು ಓಡಿದೆ. ಮಗ ಇಂಗ್ಲಿಷಿನಲ್ಲಿ ಸಾರಿ ಎಂದರು. ತಾಯಿ ಸಾರಿ ಗೀರಿ ಏನೂ ಹೇಳದೆ, ಇವರು ಯಾವ ದೇವರು ಎಂದು ಕೇಳಿದರು. ಕನ್ನಡ ಕೇಳಿದ ಸಂತೋಷಕ್ಕೆ ನಾನೂ ಕನ್ನಡದಲ್ಲೇ ಉತ್ತರಿಸಿಬಿಟ್ಟೆ. ತಪ್ಪಾದದ್ದು ಅಲ್ಲೇ.

ಇವರು ದೇವತೆಗಳ ರಾಜ ಎಂದೆ. ಕೈಯಲ್ಲಿ ಸಿಡಿಲು ಹಿಡಿದಿರುತ್ತಾರೆ ಎಂದೆ.

“ಹಾಗಾದ್ರೆ ಇಂದ್ರ.”

ಇಂದ್ರ ಅಲ್ಲ, ಗ್ರೀಕರ ದೇವರೇ ಬೇರೆ ಎಂದು ಬಿಡಿಸಿ ಹೇಳಿದೆ. ಆಕೆ ನನ್ನನ್ನು ಪಾಟೀಸವಾಲಿಗೆ ನಿಲ್ಲಿಸಿಕೊಂಡರು. ಮಳೆ ಇವನ ಕೈಲಿದೆಯೋ ಇಲ್ಲವೋ? ಇದೆ. ಸಿಂಹಾಸನ ಎಲ್ಲಿ ಹೋಗುತ್ತದೋ ಎಂಬ ಹೆದರಿಕೆ ಉಂಟೋ? ಉಂಟು. ಕಂಡವರ ಹೆಂಗಸರ ತಂಟೆಗೆ ಹೋಗಿದ್ದಾನೋ? ನಾನು ತಲೆ ತಗ್ಗಿಸಿದೆ. ಹೋದದ್ದು ಒಂದೆರಡು ಸಲವಲ್ಲ.

ಆಕೆ ಮಗನ ಕಡೆ ತಿರುಗಿ ಬೇಸರದಿಂದ ಹೇಳಿದರು. “ಇಂದ್ರನಿಗೆ ಯಾರೋ ನಮಸ್ಕಾರ ಮಾಡ್ತಾರೆ? ಮೊದಲೇ ಒಂದು ಬೋರ್ಡ್ ಹಾಕಬಾರದಾ ಇವ್ರು? ಬಗ್ಗಿದ್ದು ದಂಡ. ಸೊಂಟ ಹಿಡ್ಕೊಂಡಿದ್ದೊಂದೇ ಲಾಭ.”

೨. ಕುಂಟ ಕಮ್ಮಾರ

ಧಾರವಾಡದವರೊಬ್ಬರು ಮೂಳೆ ಡಾಕ್ಟರು, ದೊಡ್ಡ ಸರಕಾರಿ ಆಸ್ಪತ್ರೆಯಲ್ಲಿ ಕೆಲಸ. ಅವರು ಬೇರೆ ದೇವರುಗಳನ್ನು ತಿರುಗಿಯೂ ನೋಡಲಿಲ್ಲ. ಕಮ್ಮಾರ ದೇವ ಹೆಫೈಸ್ಟಸ್‌ನ ಮುಂದೆ ಕುಕ್ಕರುಗಾಲಲ್ಲಿ ಕೂತು ಅವನ ಸೊಟ್ಟ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿ ನೋಡತೊಡಗಿದರು. ಮುಟ್ಟಬಾರದು ಎಂದೆ.

“ಮುಟ್ಟದ ಹೆಂಗ ಹೇಳ್ಲಿಕ್ಕೆ ಬರ್ತದರೀ? ಹುಟ್ಟಿನಿಂದ ಹಿಂಗೋ, ಬಿದ್ದು ಆಗೇದೋ?”

ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಸುಮ್ಮನಿರುವುದು ನನ್ನಿಂದಾಗದು. ಒಂದು ಕಥೆಯ ಪ್ರಕಾರ ಹುಟ್ಟಿನಿಂದ, ಕೂಸು ಹೀಗಿದೆಯೆಂದು ತಾಯಿಯೇ ಸ್ವರ್ಗದಿಂದ ಎಸೆದಳು; ಇನ್ನೊಂದು ಕಥೆಯ ಪ್ರಕಾರ ಅಪ್ಪ ಎಸೆದ, ಬಿದ್ದು ಕುಂಟನಾದ ಎಂದೆ. ಡಾಕ್ಟರು ತಲೆ ಕೆರೆದುಕೊಂಡರು. ರೋಗಿಯ ಹಿಂದಿನ ದಾಖಲೆ ಹೀಗೆ ಎರಡು ಥರ ಇದ್ದರೆ ತಾವೇನು ಮಾಡಬೇಕು ಎಂದು ನನ್ನನ್ನೇ ಗದರಿದರು. ನಾನೇ ಎಸೆದವನ ಹಾಗೆ ಕ್ಷಮೆ ಕೇಳಿದೆ.

ಎದ್ದು ಕೈ ಒರೆಸಿಕೊಂಡು ಅವರು ತೀರ್ಪು ಕೊಟ್ಟರು. “ಸರಿ ಮಾಡಬಹುದು. ಆದ್ರ ಸೀದಾ ನನ್ನ ಕಡೆ ಬರಂಗಿಲ್ಲ. ದೇವರಿರಲಿ, ಯಾರರ ಇರಲಿ, ಮೊದಲ ತನ್ನ ಓಣಿ ಡಾಕ್ಟರ್, ಜಿ.ಪಿ. ಕಡೆಯಿಂದ ಲೆಟರ್ ತರಬೇಕು.”

೩. ಒಂದು ತರ್ಕ

ಮಂಗಳೂರಿನ ಕೊಂಕಣಿ ಮಾತಾಡುವ ಕ್ಯಾಥೊಲಿಕ್ ದಂಪತಿ, ಭಾನುವಾರದ ಪೂಜೆ ಮುಗಿಸಿ ಸೂಟು ಸೀರೆಯಲ್ಲೇ ಬಂದಿದ್ದರು. ಗಂಡ ಯಾವುದೋ ಕೌನ್ಸಿಲ್ಲಿನಲ್ಲಿ, ಅಂದರೆ ಅಲ್ಲಿಯ ಪುರಸಭೆಯಲ್ಲಿ, ಇಪ್ಪತ್ತು ವರ್ಷದಿಂದ ಗುಮಾಸ್ತರು. ದೇವತೆಗಳ ದೂತ ಹರ್ಮಿಸ್‌ನ ಹೆಗಲ ಮೇಲೆ ಹಳೆಯ ಗೆಳೆಯನ ಹಾಗೆ ಕೈ ಹಾಕಿ ನಿಂತರು. ಹೆಂಡತಿ ಫೋಟೋ ತೆಗೆಯಲು ಹೊರಟರು. ನಾನು ತಡೆದೆ.

ಅವರು ಕೈ ತೆಗೆಯದೆ ಶಾಂತವಾಗಿ ಕೇಳಿದರು. “ಇದು ದೇವರೋ ಕಲ್ಲೋ, ನೀವೇ ಹೇಳಿ ಮಾರಾಯ್ರೆ. ದೇವರಾದರೆ ಬೇರೆ ದೇವರ ಹತ್ತಿರ ಹೋಗಬಾರದು ಅಂತ ನಮ್ಮಲ್ಲಿ ಆಜ್ಞೆ ಉಂಟು, ನಾನೇ ಕೈ ತೆಗೆಯುತ್ತೇನೆ. ಕಲ್ಲಾದರೆ ಮುಟ್ಟಿದರೆ ಏನು?”

 ದೇವರು ಎಂದರೆ ಸುಳ್ಳಾಗುತ್ತದೆ. ಕಲ್ಲು ಎಂದರೆ ಈ ಸಮವಸ್ತ್ರ ಹಾಕಿಕೊಂಡು ಇಷ್ಟು ವರ್ಷ ನಾನು ಕಾದದ್ದು ಏನನ್ನು? ಕೊನೆಗೆ, ಎರಡೂ ಅಲ್ಲ, ಇದು ಟ್ರಸ್ಟಿನ ಆಸ್ತಿ, ನೋಂದಣಿ ಸಂಖ್ಯೆ ಬೆನ್ನ ಮೇಲಿದೆ ಎಂದೆ.

ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಅವರು ಕೈ ಹಿಂದೆಗೆದರು. “ನೋಂದಣಿ ಆಗಿದೆ ಅಂತ ಮೊದಲು ಹೇಳಬೇಕಿತ್ತಲ್ಲ.”

೪. ನಿತ್ಯ ಮುತ್ತೈದೆ

ಒಂದು ಶುಕ್ರವಾರ ಬೆಳಿಗ್ಗೆ ಬೆಂಗಳೂರಿನ ಮಹಿಳೆಯೊಬ್ಬರು ಹೆರಾ ದೇವಿಯನ್ನು ತೋರಿಸಿ, ಇವರಿಗೆ ಗಂಡ ಇದ್ದಾರಾ ಎಂದು ವಿಚಾರಿಸಿದರು. ಇದ್ದಾರೆ, ಎದುರಿಗೇ ನಿಂತಿದ್ದಾರಲ್ಲ, ಝ್ಯೂಸ್ ಎಂದೆ. ಆರೋಗ್ಯವಾಗಿದ್ದಾರಾ ಎಂದರು. ಅವರಿಗೆ ಸಾವೇ ಇಲ್ಲ ಎಂದೆ. ಆಕೆಯ ಕಣ್ಣು ತುಂಬಿ ಬಂತು. ಗಂಡನ ನಡತೆಯ ಬಗ್ಗೆ ಆಕೆ ಕೇಳಲಿಲ್ಲ, ಕೇಳದ್ದನ್ನು ನಾನು ಹೇಳಲಿಲ್ಲ.

ಪಕ್ಕದ ಕೋಣೆಯಲ್ಲಿ ಯಾರೋ ಕೆಮ್ಮಿದರೆಂದು ಒಂದು ಕ್ಷಣ ಆ ಕಡೆ ತಿರುಗಿದೆ. ಇತ್ತ ನೋಡಿದರೆ ದೇವಿಯ ಹಣೆಯ ಮೇಲೆ ಕಾಸಗಲ ಕುಂಕುಮ. ನನ್ನ ಕುರ್ಚಿ ದೇವಿಯ ಮುಂದೆ, ಮಹಿಳೆ ಮಾಯ. ಅಮೃತಶಿಲೆಗೆ ಕುಂಕುಮ ಇಳಿದರೆ ಹೋಗದು. ಗಾಬರಿಯಲ್ಲಿ ಅದೇ ಕುರ್ಚಿ ಹತ್ತಿ ಕರವಸ್ತ್ರದಿಂದ ಒರೆಸುತ್ತಿದ್ದೆ. ಇನ್ನೊಂದು ಕೈ ಆಧಾರಕ್ಕೆಂದು ದೇವಿಯ ಕೊರಳ ಸುತ್ತ ಇತ್ತು. ಆಗಲೇ ಮೇಲ್ವಿಚಾರಕಿ ಬಾಗಿಲಲ್ಲಿ ಕಾಣಿಸಿಕೊಂಡರು.

ನಾನು ಇಳಿದು ಬಂದು ಪುಸ್ತಕ ತೆರೆದು ನನ್ನ ಹೆಸರನ್ನೇ ಬರೆದೆ. ಕಾರಣ ಎಂಬ ಅಂಕಣದಲ್ಲಿ ಏನು ಬರೆಯುವುದೆಂದು ಹೊಳೆಯದೆ, ‘ದೇವಿಯ ಗಂಡ ಚಿರಂಜೀವಿ’ ಎಂದು ಬರೆದೆ. ಮೇಲ್ವಿಚಾರಕಿ ಅದನ್ನು ಎರಡು ಸಲ ಓದಿ, ಇನ್ನೊಂದೇ ಒಂದು ತಪ್ಪಾದರೆ ಕೋಟು ಕೌಂಟರು ಎಂದರು.

೫. ಮುಟ್ಟಿ ಎಂದು ಬೇಡಿಕೊಂಡದ್ದು

ಮುಂದಿನ ವಾರವೇ ಹೊಸ ಸುತ್ತೋಲೆ ಬಂತು. ಕಣ್ಣು ಕಾಣದವರಿಗೆ ಮೂರ್ತಿಗಳನ್ನು ಮುಟ್ಟಿ ತಿಳಿಯುವ ಅವಕಾಶ ಕೊಡಬೇಕು. ತೆಳು ಕೈಗವಸು, ಅಚ್ಚು ಹಾಕಿದ ಫಾರಂ, ಎಲ್ಲ ಸಿದ್ಧ. ಮೊದಲ ಅತಿಥಿ ಹತ್ತಿರದ ಹೇಸ್‌ನಲ್ಲಿ ಮಗಳ ಮನೆಯಲ್ಲಿದ್ದ ಉಡುಪಿಯ ಒಬ್ಬ ವೃದ್ಧೆ. ಕನ್ನಡ ಬಿಟ್ಟರೆ ತುಳು, ಬೇರೆ ಬಾರದು. ಹಾಗಾಗಿ ನಡೆಸಿಕೊಡುವ ಕೆಲಸ ನನಗೆ ಬಿತ್ತು. ಇದು ಸರಿಯಾಗಿ ನಡೆದರೆ ಕೋಣೆ ಹೀಗೇ ತೆರೆದಿರುತ್ತದೆ, ಕೆಟ್ಟರೆ ಗಾಜು ಎಂದು ಮೇಲ್ವಿಚಾರಕಿ ಹೇಳಿ, ಫಾರಂ ಹಿಡಿದು ಪಕ್ಕದಲ್ಲೇ ನಿಂತರು.

ಅಜ್ಜಿಗೆ ಕೈಗವಸು ತೊಡಿಸಿ, ಅಥೀನಾ ದೇವಿಯ ಮುಂದೆ ನಿಲ್ಲಿಸಿದೆ. ವಿದ್ಯೆಯ ದೇವಿ, ಮದುವೆಯಾಗದವಳು, ಯುದ್ಧಕ್ಕೂ ಅವಳೇ ಎಂದು ವಿವರಿಸಿದೆ. ಎದುರಿಗೇ ಇದ್ದಾಳೆ, ಕೈ ಚಾಚಿ ಮುಟ್ಟಿ ನೋಡಿ ಎಂದೆ. ಇಷ್ಟು ವರ್ಷ ಉಲ್ಟಾ ಹೇಳಿದ ನಾಲಿಗೆ ಆ ಮಾತಿಗೆ ತೊದಲಿತು.

ಅಜ್ಜಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. “ಅದು ಹೇಗೆ ಆಗ್ತದೆ? ಬಸ್ಸು, ಟ್ಯೂಬು ರೈಲು ಎಲ್ಲ ಹತ್ತಿಳಿದು ಬಂದವಳು ನಾನು. ಮಡಿ ಇಲ್ಲ.”

ಇವಳಿಗೆ ಮಡಿ ಮೈಲಿಗೆ ಇಲ್ಲ ಅಜ್ಜಿ, ಇವಳಿಗೆ ಪೂಜೆ ನಿಂತೇ ನೂರಾರು ವರ್ಷವಾಯಿತು ಎಂದೆ.

“ನಿಲ್ಲಿಸಿದ್ದು ಜನ. ಅವಳದ್ದೇನು ತಪ್ಪು ಉಂಟು?”

ಮುಟ್ಟಲು ಅಪ್ಪಣೆ ಇದೆ, ಬರಹದಲ್ಲೇ ಇದೆ ಎಂದೆ. ಯಾರದ್ದು ಎಂದರು. ಮ್ಯೂಸಿಯಮ್ಮಿನದು ಎಂದೆ. ಅವಳದ್ದು ಅಲ್ಲವಲ್ಲ ಎಂದರು. ಜೊತೆಗೆ ಬಂದಿದ್ದ ಮಗಳು ಕಿವಿಯಲ್ಲಿ ಏನೋ ಪಿಸುಗುಟ್ಟಿದಳು; ಅಜ್ಜಿ ಜಗ್ಗಲಿಲ್ಲ. ಮೇಲ್ವಿಚಾರಕಿ, ಏನು ನಡೆಯುತ್ತಿದೆ, ಅವರಿಗೆ ಹಿಡಿಸುತ್ತಿದೆಯೇ ಎಂದು ಕೇಳಿದರು. ನನಗೆ ಒದ್ದೆ ಕೋಟುಗಳ ವಾಸನೆ ಬಂದ ಹಾಗಾಯಿತು. ಒಂದೇ ಒಂದು ಬೆರಳು, ಪಾದದ ತುದಿಗೆ, ದಯವಿಟ್ಟು ಮುಟ್ಟಿ ಅಜ್ಜಿ ಎಂದು ಅಂಗಲಾಚಿದೆ. ಹಾಗೆ ಬೇಡಿಕೊಳ್ಳುತ್ತಿದ್ದವನು ನಾನೇನಾ ಎಂದು ನನಗೇ ಗೊಂದಲ.

ಅಜ್ಜಿ ಕೈಗವಸು ಕಳಚಿ, ನೀಟಾಗಿ ಮಡಚಿ ನನ್ನ ಕೈಗಿಟ್ಟರು. “ನೀವು ಹೇಳಿದ್ದರಲ್ಲೇ ಕಂಡಳು. ಸಾಕು.”

ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿನಲ್ಲಿ ಒಪ್ಪಿಸಿದೆ: ಮುಟ್ಟಲು ಒಪ್ಪುತ್ತಿಲ್ಲ, ಮುಟ್ಟುವುದು ಸರಿಯಲ್ಲವಂತೆ. ಮೇಲ್ವಿಚಾರಕಿ ಪೆನ್ನು ಕೈಗೆತ್ತಿಕೊಂಡರು. ಇಷ್ಟು ವರ್ಷಗಳಲ್ಲಿ ಮುಟ್ಟಬಾರದೆಂದು ತಾವಾಗಿ ಹೇಳಿದ ಮೊದಲ ವ್ಯಕ್ತಿ ಇವರು, ಇದನ್ನು ನಿರ್ದೇಶಕರಿಗೆ ತೋರಿಸಿದ ಮೇಲೆ ಗಾಜಿನ ಮಾತು ಯಾರೂ ಎತ್ತಲಾರರು ಎಂದು, ಫಾರಂ ಮೇಲೆ ದೊಡ್ಡದಾಗಿ ‘ಯಶಸ್ವಿ’ ಎಂದು ಬರೆದರು.

ಅಷ್ಟರಲ್ಲಿ ಅಜ್ಜಿ ಕೈಮುಗಿದು, ನಿಂತಲ್ಲೇ ತಮ್ಮ ಸುತ್ತ ತಾವೇ ಪ್ರದಕ್ಷಿಣೆ ಹಾಕಲು ಶುರುಮಾಡಿದ್ದರು. ಒಂದು, ಎರಡು, ಮೂರು. ಮೂರನೆಯದು ಮುಗಿಯುವಾಗ ಅರ್ಧ ಸುತ್ತು ಹೆಚ್ಚಾಗಿ, ಅಥೀನಾ ಬೆನ್ನ ಹಿಂದಾದಳು, ಮೇಲ್ವಿಚಾರಕಿ ಎದುರಾದರು. ಅಜ್ಜಿ ಆಕೆಗೇ ಭಕ್ತಿಯಿಂದ ತಲೆಬಾಗಿದರು. ಮೇಲ್ವಿಚಾರಕಿ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ, ಫಾರಂ ಎದೆಗೊತ್ತಿಕೊಂಡು ಅಲುಗಾಡದೆ ನಿಂತುಬಿಟ್ಟರು.

ಅಮ್ಮ, ಅದು ದೇವರಲ್ಲ, ಇಲ್ಲಿಯ ಮೇಡಮ್ಮು ಎಂದಳು ಮಗಳು.

ಅಜ್ಜಿ ಮುಗಿದ ಕೈ ಇಳಿಸಲಿಲ್ಲ. “ಯಾರಾದರೇನು? ನಾನು ಮುಟ್ಟಲಿಲ್ಲವಲ್ಲ.”